ಗಂಡಿಲಿಗಳ ಗೂಡು ಮತ್ತು ನನ್ನ ಉಮ್ಮ

ಉಮ್ಮನಿಗೆ ಮಲದಲ್ಲಿ ರಕ್ತ ಹೋಗುತ್ತಿದೆ ಎಂಬುದು ಮನೆಯಲ್ಲಿ ಗೊತ್ತಾದದ್ದು ಒಂಬತ್ತು ವರ್ಷ ತಡವಾಗಿ. ಅದೇ ತೊಂದರೆ ಮಾಮನಿಗೆ ಎರಡು ವಾರ ಆದಾಗ ಮನೆಮಂದಿಯೆಲ್ಲ ಕಾರು ಹತ್ತಿ ತಲಪಾಡಿ ದಾಟಿ ಮಂಗಳೂರಿನ ಡಾಕ್ಟರರ ಹತ್ತಿರ ಹೋಗಿದ್ದೆವು. ಉಮ್ಮ ಮಾತ್ರ ತನ್ನದು ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಸುಮ್ಮನಿದ್ದರು.

ಆಗ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದೆ. ಇಲಿಗೆ ಅಝಾಕ್ಸಿಮೀಥೇನ್ ಎಂಬ ರಾಸಾಯನಿಕದ ಒಂದು ಚುಚ್ಚುಮದ್ದು ಕೊಡುತ್ತೇವೆ. ಆಮೇಲೆ ಕುಡಿಯುವ ನೀರಿಗೆ ಡಿಎಸ್‌ಎಸ್ ಬೆರೆಸುತ್ತೇವೆ. ದೊಡ್ಡ ಕರುಳಿನ ಒಳಪದರ ಹಾಳಾಗಿ ಉರಿಯೂತ ಶುರುವಾಗುತ್ತದೆ. ನಡುವೆ ಬರೀ ನೀರು, ಮತ್ತೆ ಡಿಎಸ್‌ಎಸ್. ಕೆಲವೇ ತಿಂಗಳಲ್ಲಿ ಗಡ್ಡೆ. ಮನುಷ್ಯರಲ್ಲಿ ಅಲ್ಸರೇಟಿವ್ ಕೊಲೈಟಿಸ್ ವರ್ಷಗಟ್ಟಲೆ ಉಳಿದು ಕ್ಯಾನ್ಸರಿಗೆ ದಾರಿ ಮಾಡುವುದನ್ನು ಹೀಗೆ ಬೇಗ ನೋಡಬಹುದು.

ನಮ್ಮ ಗೂಡುಗಳಲ್ಲಿ ಇದ್ದದ್ದೆಲ್ಲ ಗಂಡಿಲಿಗಳು. ಯಾಕೆ ಎಂದು ಕೇಳಿದರೆ, "ಗಂಡಿಗೆ ಗಡ್ಡೆ ಹೆಚ್ಚು ಬರುತ್ತದೆ, ಫಲಿತಾಂಶ ಸ್ಪಷ್ಟ" ಎಂದರು ಹಿರಿಯರು. ಹೆಣ್ಣಿಗೆ ಕಡಿಮೆ ಎಂದು ಕೇಳಿ ನನಗೇನೋ ಸಮಾಧಾನ.

ಕಾರಣ ಹುಡುಕಿದಾಗ ವಿಷಯ ಅಷ್ಟು ಸರಳವಿರಲಿಲ್ಲ. 2014ರ ಒಂದು ಅಧ್ಯಯನದಲ್ಲಿ ಗಂಡು ಪ್ರಾಣಿಗಳ ವೃಷಣ ತೆಗೆದಾಗ ಗಡ್ಡೆ ಕಡಿಮೆಯಾಯಿತು, ಹೆಣ್ಣಿನ ಅಂಡಾಶಯ ತೆಗೆದರೆ ಹೆಚ್ಚಲಿಲ್ಲ. ಹಾಗಾದರೆ ಗಂಡು ಹಾರ್ಮೋನೇ ಗಡ್ಡೆಗೆ ಒತ್ತಾಸೆ. ಆದರೆ ದಕ್ಷಿಣ ಕೊರಿಯಾದ ಪ್ರಯೋಗಗಳಲ್ಲಿ ಗಂಡಿಲಿಗೆ ಎಸ್ಟ್ರಡಿಯಾಲ್ ಕೊಟ್ಟಾಗ ಉರಿಯೂತವೂ ಗಡ್ಡೆಯೂ ಇಳಿದವು. ಹಾಗಾದರೆ ಹೆಣ್ಣು ಹಾರ್ಮೋನು ಕಾಯುತ್ತದೆ. ಎರಡರಲ್ಲೂ ಸತ್ಯವಿರಬಹುದು. ಹೆಣ್ಣಿಲಿಯನ್ನು ಗೂಡಿನಲ್ಲೇ ಇಡದವರಿಗೆ ಇದು ಗೊತ್ತಾಗುವುದು ಹೇಗೆ? 2011ರ ಒಂದು ವಿಮರ್ಶೆ ಜೀವವಿಜ್ಞಾನದ 10 ಶಾಖೆಗಳನ್ನು ನೋಡಿ, 8ರಲ್ಲಿ ಗಂಡು ಪ್ರಾಣಿಗಳ ಕಡೆಗೇ ವಾಲಿಕೆ ಇದೆ ಎಂದಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2016ರಿಂದ, ಅನುದಾನ ಕೇಳುವವರು ಲಿಂಗಭೇದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿತು.

"ಕಡಿಮೆ" ಎಂದರೆ "ಇಲ್ಲ" ಅಲ್ಲ. ಅದೂ ಇಲಿಯ ಲೆಕ್ಕ. ಉಮ್ಮನಿಗೆ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಹೆಂಗಸರಲ್ಲಿ ಗಡ್ಡೆ ಕರುಳಿನ ಬಲಭಾಗದಲ್ಲಿ ಬರುವುದು ಗಂಡಸರಿಗಿಂತ ಹೆಚ್ಚು, ಅಲ್ಲಿಯ ರಕ್ತ ಕಣ್ಣಿಗೆ ಬೀಳುವುದೂ ಕಷ್ಟ.

ರಜೆಗೆ ಬಂದಾಗ ಉಮ್ಮ ತೀರ ಬಿಳಿಚಿಕೊಂಡಿದ್ದರು. ಒತ್ತಾಯಿಸಿ ಕೇಳಿದೆ. ತಲೆ ತಗ್ಗಿಸಿ, "ಇದನ್ನೆಲ್ಲ ಗಂಡುಮಕ್ಕಳ ಎದುರು ಹೇಳುವುದು ಹೇಗೆ?" ಎಂದರು. ಕೊಲೊನೋಸ್ಕೋಪಿಯಲ್ಲಿ ಕೊಲೈಟಿಸ್ ಕಂಡಿತು, ಜೊತೆಗೆ ಜೀವಕೋಶ ಬದಲಾಗಲು ಶುರುವಾಗಿದ್ದ ಒಂದು ಪಾಲಿಪ್. ಅದನ್ನು ಅಲ್ಲೇ ತೆಗೆದರು. ಕೊಲೈಟಿಸ್ ಇದ್ದವರು ಲಕ್ಷಣ ಶುರುವಾದ ಸುಮಾರು 8 ವರ್ಷಕ್ಕೆ ಈ ತಪಾಸಣೆ ಆರಂಭಿಸಬೇಕು ಎಂದರು ಡಾಕ್ಟರು. ನಮ್ಮದು ಒಂಬತ್ತು ದಾಟಿತ್ತು. ಈಗ ಪ್ರತಿವರ್ಷ ಹೋಗುತ್ತೇವೆ.

ಪ್ರಯೋಗಾಲಯದ ಗೂಡಿನಲ್ಲಿ ಹೆಣ್ಣಿಲಿ ಇಲ್ಲ ಎಂದು ನಾನು ತಕರಾರು ಮಾಡಿದ್ದೆ. ನಮ್ಮ ಮನೆಯ ಚಿಂತೆಯಲ್ಲೂ ಉಮ್ಮ ಇರಲಿಲ್ಲ. ಈ ವಾರ ನಿಮ್ಮ ಉಮ್ಮನ ಪಕ್ಕ ಕೂತು, ಬಾಗಿಲು ಮುಚ್ಚಿ, ಒಮ್ಮೆ ಕೇಳಿ.