ಬುಟ್ಟಿಯ ಮೇಲಿನ ಹಣ್ಣು

ಮಾವಿನ ಹಣ್ಣನ್ನು ಬುಟ್ಟಿಯ ಲೆಕ್ಕದಲ್ಲಿ ಕೊಂಡವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಮೇಲೆ ಕಾಣುವ ನಾಲ್ಕು ಹಣ್ಣು ವ್ಯಾಪಾರಿಯ ಮಾತಿನಷ್ಟೇ ಸಿಹಿ. ಹುಲ್ಲು ಸರಿಸಿ ಕೆಳಕ್ಕೆ ಕೈಹಾಕಿದಂತೆಲ್ಲ ಹುಳಿ, ಸಪ್ಪೆ, ಕೊಳೆತದ್ದು ಒಂದೆರಡು. ತೀರ ತಳದಲ್ಲಿ, ಯಾರ ಕಣ್ಣಿಗೂ ಬೀಳದೆ, ಇಡೀ ಬುಟ್ಟಿಯ ಬೆಲೆಯನ್ನು ತೀರಿಸುವ ಹಣ್ಣೊಂದು ಕುಳಿತಿರುವುದೂ ಉಂಟು. ಸಣ್ಣ ಕಥೆಗಳ ಸಂಕಲನಗಳೂ ಹೀಗೆಯೇ. ವರ್ಷಗಟ್ಟಲೆ ಕಥೆಗಳನ್ನು ಪಾಠ ಹೇಳಿದವನಿಗೆ ಇದರಲ್ಲಿ ಆಶ್ಚರ್ಯವೇನೂ ಉಳಿದಿರುವುದಿಲ್ಲ. ಆದರೆ ಈಚೆಗೆ ಹೊಸ ಬಗೆಯ ಬುಟ್ಟಿಯೊಂದಕ್ಕೆ ಕೈಹಾಕುವ ಸಂದರ್ಭ ಬಂತು. ಅಲ್ಲಿಯ ಏರುಪೇರು ನಾನು ಕಂಡ ಬೇರೆಲ್ಲ ಏರುಪೇರಿಗಿಂತ ಹೆಚ್ಚಿನದು. ಅದರ ಕಾರಣವೂ ಯೋಚಿಸತಕ್ಕದ್ದು.

ನಾನು ಹೇಳಹೊರಟಿರುವುದು ಜಪಾನಿನ ಚಿತ್ರಕಥೆಗಳ ವಿಷಯ. ಅವಕ್ಕೆ ‘ಮಾಂಗಾ’ ಎಂದು ಹೆಸರು. ಮಲಯಾಳದವರ ಕಿವಿಗೆ ಅದು ಮಾವು. ನಮ್ಮ ಕಿವಿಗೆ ಏನು ಕೇಳಿಸುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ‘ಬಾಯ್ಸ್ ಲವ್’ ಎಂಬುದೊಂದು ಜಾತಿ. ಗಂಡು ಗಂಡನ್ನು ಪ್ರೀತಿಸುವ ಕಥೆಗಳು. ಬರೆಯುವವರೂ ಓದುವವರೂ ಬಹುಮಟ್ಟಿಗೆ ಹೆಂಗಸರು. ನನ್ನ ಅಕ್ಕನ ಮಗಳು ಕೆಲಸದ ಮೇಲೆ ಪುಣೆಗೆ ಹೊರಟಾಗ, ಇಂಗ್ಲಿಷಿಗೆ ಬಂದಿರುವ ಇಂಥ ಪುಸ್ತಕಗಳನ್ನು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ನಮ್ಮ ಮನೆಯ ಅಟ್ಟಕ್ಕೆ ಏರಿಸಿದಳು. “ಓದುವುದಾದರೆ ಓದಿ ಮಾವ, ಆದರೆ ಮೊದಲನೆಯ ಕಥೆ ನೋಡಿ ಮೋಸಹೋಗಬೇಡಿ” ಎಂದಳು. ಅಧ್ಯಾಪಕನಿಗೆ ಇಷ್ಟು ಸವಾಲು ಸಾಕು. ಬಲಗಡೆಯಿಂದ ಎಡಗಡೆಗೆ ಓದುವುದು ರೂಢಿಯಾಗಲು ಎರಡು ದಿನ ಹಿಡಿಯಿತು. ರಜೆ ಮುಗಿಯುವ ಹೊತ್ತಿಗೆ ಒಂದು ಪೆಟ್ಟಿಗೆ ಮುಗಿದಿತ್ತು.

ಈ ಜಾತಿಯ ಹುಟ್ಟು ಹಗುರವಾದುದಲ್ಲ. 1949ರ ಆಸುಪಾಸಿನಲ್ಲಿ ಹುಟ್ಟಿದ ಕೆಲವರು ಹೆಂಗಸರು — ಜಪಾನಿನ ಶೋವಾ ಶಕೆಯ ಲೆಕ್ಕದಲ್ಲಿ ಅವರಿಗೆ ‘ಇಪ್ಪತ್ತನಾಲ್ಕನೆಯ ವರ್ಷದ ಗುಂಪು’ ಎಂದು ಹೆಸರು — ಹುಡುಗಿಯರ ಪತ್ರಿಕೆಗಳ ಚಿತ್ರಕಥೆಯ ದಾರಿಯನ್ನೇ ತಿರುಗಿಸಿದರು. ಅವರಲ್ಲಿ ತಾಕೆಮಿಯಾ ಕೇಕೋ 1970ರಲ್ಲಿ ಇಬ್ಬರು ಹುಡುಗರ ಅನುರಾಗದ ಒಂದು ಸಣ್ಣ ಕಥೆಯನ್ನು ಪ್ರಕಟಿಸಿದರು. ಹಾಗಿಯೊ ಮೋತೊ ಅವರ ‘ತೋಮಾಸ್‌ನ ಹೃದಯ’ ಬಂದದ್ದು 1974ರಲ್ಲಿ. ಜರ್ಮನಿಯ ಒಂದು ವಸತಿಶಾಲೆಯ ಆ ಕಥೆ ಆರಂಭವಾಗುವುದೇ ತೋಮಾಸ್ ಎಂಬ ಹುಡುಗನ ಸಾವಿನಿಂದ. ತಾಕೆಮಿಯಾ ಅವರ ದೊಡ್ಡ ಕೃತಿ ‘ಗಾಳಿ ಮತ್ತು ಮರದ ಹಾಡು’ 1976ರಿಂದ 1984ರವರೆಗೆ ನಡೆಯಿತು. ಅದರ ಝಿಲ್ಬೇರ್ ಕೂಡ ಕೊನೆಗೆ ಸಾಯುತ್ತಾನೆ. ಇಂಥ ಪ್ರೀತಿಗೆ ಸಾವೇ ತಕ್ಕ ಮುಗಿತಾಯವೆಂದು ಆ ಕಾಲದ ಕಥೆಗಳು ಬಗೆದಂತಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅದೇ ಎಪ್ಪತ್ತರ ದಶಕದ ಕೊನೆಯಲ್ಲಿ, ಕೈಖರ್ಚಿನಿಂದ ಪುಸ್ತಕ ಅಚ್ಚುಮಾಡಿಸಿ ಮಾರುತ್ತಿದ್ದ ಹವ್ಯಾಸಿಗಳ ವಲಯದಲ್ಲಿ ‘ಯಾಓಯಿ’ ಎಂಬ ಮಾತು ಹುಟ್ಟಿತು. ಯಾಮಾ ನಾಶಿ, ಓಚಿ ನಾಶಿ, ಇಮಿ ನಾಶಿ: ಶಿಖರವಿಲ್ಲ, ಮುಕ್ತಾಯವಿಲ್ಲ, ಅರ್ಥವಿಲ್ಲ. ತಮ್ಮ ಬರಹವನ್ನು ತಾವೇ ಹಾಸ್ಯಮಾಡಿಕೊಂಡು ಇಟ್ಟ ಹೆಸರು. ತಮ್ಮನ್ನು ಹೀಗೆ ಹಳಿದುಕೊಳ್ಳಬಲ್ಲ ಲೇಖಕರನ್ನು ಕಂಡರೆ ನನಗೆ ಗೌರವ. ವಿಮರ್ಶಕನ ಅರ್ಧ ಕೆಲಸವನ್ನು ಅವರೇ ಮುಗಿಸಿಟ್ಟಿರುತ್ತಾರೆ.

ಇನ್ನು ಏರುಪೇರಿನ ವಿಷಯ. ಅರ್ಧ ಕಾರಣ ಪುಸ್ತಕ ಸಿದ್ಧವಾಗುವ ರೀತಿಯಲ್ಲಿಯೇ ಇದೆ. ಅಲ್ಲಿ ಕಥೆ ಮೊದಲು ಬರುವುದು ಪತ್ರಿಕೆಯಲ್ಲಿ. ಒಂದೇ ಕಂತಿನಲ್ಲಿ ಮುಗಿಯುವುದಕ್ಕೆ ‘ಯೋಮಿಕಿರಿ’ ಎನ್ನುತ್ತಾರೆ, ಓದಿ ಮುಗಿಸತಕ್ಕದ್ದು ಎಂದು ಅರ್ಥ. ಮೂವತ್ತೋ ನಲವತ್ತೋ ಪುಟ ಸಿಕ್ಕಿದರೆ ಅಷ್ಟರಲ್ಲಿ ಇಬ್ಬರು ಭೇಟಿಯಾಗಬೇಕು, ಮನಸೋಲಬೇಕು, ಮುನಿಯಬೇಕು, ಒಂದಾಗಬೇಕು. ಇಂಥವು ಐದಾರು ಕೂಡಿ ನೂರೆಂಬತ್ತು ಇನ್ನೂರು ಪುಟವಾದಾಗ ಪುಸ್ತಕ. ಕೈ ಪಳಗದ ದಿನಗಳದ್ದೂ ಪಳಗಿದ ದಿನಗಳದ್ದೂ ಒಂದೇ ರಟ್ಟಿನೊಳಗೆ ಸೇರುತ್ತವೆ. ಪುಸ್ತಕಕ್ಕೆ ಹೆಸರು ಕೊಟ್ಟ ಕಥೆ ಮುಂದೆ ಕುಳಿತುಕೊಳ್ಳುತ್ತದೆ. ಹೊದಿಕೆಯ ಚಿತ್ರವೂ ಅದರದೇ. ಕೊನೆಯಲ್ಲಿ ನಾಲ್ಕಾರು ಪುಟ ಹೊಸದಾಗಿ ಬರೆದು ಅಂಟಿಸುವುದುಂಟು, ಊಟದ ಕೊನೆಗೆ ಎಲೆಯಡಿಕೆ ಇಟ್ಟಂತೆ.

ಸೊರಗಿದ ಕಥೆಗಳ ಲಕ್ಷಣಗಳನ್ನು ಒಂದು ಪೆಟ್ಟಿಗೆ ಓದಿದವರು ಯಾರಾದರೂ ಪಟ್ಟಿಮಾಡಬಹುದು. ಪ್ರೀತಿಯ ಅರಿಕೆ ಶಾಲೆಯ ತಾರಸಿಯ ಮೇಲೆ, ಇಲ್ಲವೆ ಮಳೆಯಲ್ಲಿ. ಇಬ್ಬರಲ್ಲಿ ಒಬ್ಬ ‘ಸೆಮೆ’, ಮೇಲೆ ಬೀಳುವವನು. ಇನ್ನೊಬ್ಬ ‘ಉಕೆ’, ತಾಳಿಕೊಳ್ಳುವವನು. ಆ ಪಾತ್ರಗಳು ಎತ್ತರದಿಂದಲೂ ಕೂದಲ ಬಣ್ಣದಿಂದಲೂ ಮೊದಲ ಪುಟದಲ್ಲಿಯೇ ನಿಶ್ಚಯವಾಗಿರುತ್ತವೆ. ನಾಯಕ ಬೀದಿಯಲ್ಲಿ ಒಬ್ಬ ಹುಡುಗಿಯೊಡನೆ ನಗುತ್ತಿರುವುದನ್ನು ಕಂಡು ಇನ್ನೊಬ್ಬನ ಎದೆ ಒಡೆಯುತ್ತದೆ. ಇಪ್ಪತ್ತೆಂಟನೆಯ ಪುಟದಲ್ಲಿ ಅವಳು ತಂಗಿಯೆಂದು ತಿಳಿಯುತ್ತದೆ. ಇಷ್ಟೊಂದು ತಂಗಿಯರು ಒಂದು ದೇಶದಲ್ಲಿದ್ದೂ ಅವರಲ್ಲಿ ಒಬ್ಬಳಿಗೂ ಅಣ್ಣನ ಗೆಳೆಯನ ಪರಿಚಯವಿಲ್ಲವೆಂಬುದು ಸೋಜಿಗ.

ರತಿಯೆಂಬ ಸ್ಥಾಯಿ ವಿಭಾವ, ಅನುಭಾವ, ಸಂಚಾರಿಭಾವಗಳಿಂದ ಪುಷ್ಟಿಗೊಂಡು ಶೃಂಗಾರವಾಗುತ್ತದೆಂದು ನಮ್ಮ ಆಲಂಕಾರಿಕರು ಹೇಳಿದರು. ಆ ‘ಪುಷ್ಟಿ’ ಎಂಬ ಮಾತಿನಲ್ಲಿ ಕಾಲ ಅಡಗಿದೆ. ಮೂವತ್ತು ಪುಟದ ಕಥೆಗಾರ್ತಿಯ ಕೈಯಲ್ಲಿ ಇಲ್ಲದಿರುವುದು ಅದೊಂದೇ. ಇಲ್ಲದ ಕಾಲವನ್ನು ಇದೆಯೆಂದು ತೋರಿಸಹೊರಟಾಗ ತಾರಸಿ, ಮಳೆ, ತಂಗಿ ಎಲ್ಲ ಬೇಕಾಗುತ್ತವೆ. ಅವು ಭಾವಗಳಲ್ಲ, ಭಾವಗಳ ಹೆಸರು ಬರೆದ ಚೀಟಿಗಳು. ಕಾದಂಬರಿಯನ್ನು ಹಿಂಡಿ ಲೋಟಕ್ಕೆ ತುಂಬಿದರೆ ಸಣ್ಣ ಕಥೆಯಾಗುವುದಿಲ್ಲ.

ಒಳ್ಳೆಯವರು ಈ ಸಿಕ್ಕನ್ನು ಬೇರೆ ರೀತಿ ಬಿಡಿಸುತ್ತಾರೆ. ಎಸ್ಟ್ ಎಮ್ ಎಂಬ ಕಾವ್ಯನಾಮದ ಕಲಾವಿದೆಯ ಒಂದು ಸಂಕಲನ ‘ಸೆಡ್ಯೂಸ್ ಮಿ ಆಫ್ಟರ್ ದಿ ಷೋ’ ಎಂಬ ಹೆಸರಿನಲ್ಲಿ 2008ರಲ್ಲಿ ಇಂಗ್ಲಿಷಿಗೆ ಬಂತು. ಅಲ್ಲಿಯವರು ವಯಸ್ಸಿಗೆ ಬಂದವರು, ರಂಗವನ್ನೋ ಸಂಗೀತವನ್ನೋ ನೆಚ್ಚಿದವರು. ಕಥೆಯ ದೊಡ್ಡ ಪಾಲು ಮೊದಲ ಪುಟಕ್ಕೆ ಮುಂಚೆಯೇ ನಡೆದುಹೋದಂತೆ ತೋರುತ್ತದೆ. ನಮಗೆ ಕಾಣುವುದು ಕೊನೆಯ ಒಂದು ಸಂಜೆ ಮಾತ್ರ. ಮಾತಿಲ್ಲದ ಒಂದು ಚೌಕ, ಅದರಲ್ಲೊಂದು ಕೈ. ಉಳಿದದ್ದನ್ನು ಓದುವವನು ತುಂಬಿಕೊಳ್ಳಬೇಕು. ಧ್ವನಿ ಎಂದು ನಾವು ತರಗತಿಯಲ್ಲಿ ಒಂದು ಗಂಟೆ ವಿವರಿಸುವುದು ಇದನ್ನೇ.

ಯೋಶಿನಾಗಾ ಫುಮಿ ಅವರ ದಾರಿ ಇನ್ನೊಂದು. 2007ರಲ್ಲಿ ಆರಂಭವಾದ ‘ನಿನ್ನೆ ಏನು ಊಟಮಾಡಿದೆ?’ ಎಂಬ ಅವರ ಕೃತಿ ಬಂದದ್ದು ಗಂಡಸರ ವಾರಪತ್ರಿಕೆಯಲ್ಲಿ. ಆದ್ದರಿಂದ ಅದನ್ನು ಈ ಜಾತಿಗೆ ಸೇರಿಸಲು ಹಲವರು ಒಪ್ಪುವುದಿಲ್ಲ. ಒಂದೇ ಮನೆಯಲ್ಲಿ ಬಾಳುವ ಇಬ್ಬರು ನಡುವಯಸ್ಕರು; ಒಬ್ಬ ವಕೀಲ, ಇನ್ನೊಬ್ಬ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸಮಾಡುವವನು. ವಕೀಲ ಅಗ್ಗದ ತರಕಾರಿ ಹುಡುಕಿ ತಂದು ಅಡಿಗೆ ಮಾಡುತ್ತಾನೆ, ಇನ್ನೊಬ್ಬ ಹೊಗಳಿ ಉಣ್ಣುತ್ತಾನೆ. ಕಂತು ಕಿರಿದು, ಪ್ರೀತಿಯ ಅರಿಕೆಯ ಗೊಡವೆಯೇ ಕಡಮೆ. ಕಚೇರಿಯಲ್ಲಿ ಹೇಳಿಕೊಳ್ಳಲಾಗದ ಸಂಸಾರದ ಭಾರ, ಮುದಿ ತಂದೆತಾಯಿಯರ ಚಿಂತೆ ಎಲ್ಲವೂ ಆ ಊಟದ ಮೇಜಿನ ಸುತ್ತ ಬಂದು ಹೋಗುತ್ತವೆ. ಪುಟದ ಕೊರತೆ ಕಥೆಯನ್ನು ಕೆಡಿಸುತ್ತದೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕೆಡಿಸುವುದು ಅವಸರ.

ಇಷ್ಟಕ್ಕೆ ಪ್ರಬಂಧ ಮುಗಿಸಬಹುದಿತ್ತು. ಆದರೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದಾಗ ಮೇಜಿನ ಮೇಲಿದ್ದ ಸಂಕಲನಗಳನ್ನು ಕಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನ್ನು ಕೇಳಿ ತೆಗೆದುಕೊಂಡು ಹೋದ. ಒಂದು ಒಳ್ಳೆಯದು, ಒಂದು ತಂಗಿಯರು ತುಂಬಿದ್ದು. ತಿಂಗಳ ಮೇಲೆ ಒಳ್ಳೆಯದನ್ನು ಮಾತ್ರ ಹಿಂದಕ್ಕೆ ತಂದುಕೊಟ್ಟ. ಇನ್ನೊಂದನ್ನು ಇಟ್ಟುಕೊಳ್ಳಲೇ ಎಂದು ಕೇಳಿದ. ಅದರಲ್ಲಿ ಏನು ಕಂಡೆಯಪ್ಪ ಎಂದೆ. “ಕಥೆ ಚೆನ್ನಾಗಿಲ್ಲ ಸಾರ್, ನನಗೂ ಗೊತ್ತು. ಆದರೆ ಅದರಲ್ಲಿ ಯಾರೂ ಸಾಯುವುದಿಲ್ಲ” ಎಂದ. ಹೆಚ್ಚು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಪುಸ್ತಕದ ಒಡತಿಗೆ ಫೋನ್ ಮಾಡಿದೆ. “ಕೊಟ್ಟುಬಿಡಿ ಮಾವ” ಎಂದಳು.

ನಮ್ಮ ಸರ್ವೋಚ್ಚ ನ್ಯಾಯಾಲಯ ಇಂಥ ಪ್ರೀತಿ ಅಪರಾಧವಲ್ಲವೆಂದು 2018ರಲ್ಲಿ ತೀರ್ಪು ಕೊಟ್ಟಿತು. ಕನ್ನಡದಲ್ಲಿ ಅದಕ್ಕೂ ಮುಂಚೆ, 2013ರಲ್ಲಿಯೇ, ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬಂದಿತ್ತು. ನನ್ನ ವಿದ್ಯಾರ್ಥಿ ಅದನ್ನು ಓದಿ ಮೆಚ್ಚಿದ್ದ. ಆದರೆ ಅಪರಾಧವಲ್ಲ ಎಂಬುದು ಬೇರೆ, ಸುಖವಾಗಿರಬಹುದು ಎಂಬುದು ಬೇರೆ. ಎರಡನೆಯದನ್ನು ಯಾವ ನ್ಯಾಯಾಲಯವೂ ತೀರ್ಪಿನಲ್ಲಿ ಬರೆದುಕೊಡಲಾರದು. ಅದನ್ನು ಕಥೆಯೇ ಹೇಳಬೇಕು. ತೋಮಾಸ್‌ನಿಂದ ಝಿಲ್ಬೇರ್‌ವರೆಗೆ ಸತ್ತವರನ್ನು ನೆನೆದರೆ, ಕೊನೆಯ ಪುಟದಲ್ಲಿ ಇಬ್ಬರು ಜೀವಂತವಾಗಿ ಕೈಹಿಡಿದು ನಿಲ್ಲುವುದು ಎಷ್ಟು ಹಳಸಲಾದರೂ ಅಲ್ಪವಲ್ಲ.

ಹಾಗೆಂದು ಆ ಕಥೆ ಒಳ್ಳೆಯ ಕಥೆಯಾಗಲಿಲ್ಲ. ಓದುಗನ ಹಸಿವು ಅಡಿಗೆಯ ಗುಣವನ್ನು ಹೆಚ್ಚಿಸುವುದಿಲ್ಲ. ಹಸಿದವನು ಹಳಸಿದ್ದನ್ನೂ ಉಂಡಾನೆಂದು ಹಳಸಿದ್ದನ್ನೇ ಬಡಿಸುವುದು ಅನ್ಯಾಯ. ದುಃಖವನ್ನು ಚೆನ್ನಾಗಿ ಬರೆಯಲು ಕಲಿಸುವ ಶಾಸ್ತ್ರ ನಮ್ಮಲ್ಲಿ ಬೇಕಾದಷ್ಟಿದೆ. ಕರುಣಕ್ಕೆ ಕವಿಗಳ ಬಡತನ ಎಂದೂ ಇಲ್ಲ. ಸುಖವನ್ನು ನಂಬುವಂತೆ ಬರೆಯುವುದು ಅದಕ್ಕಿಂತ ಕಷ್ಟ. ಅದು ಬೇಕಾದವರಿಗೆ ಸಿಗುವುದು ಬಹುಪಾಲು ಅವಸರದ ಕೈಯಿಂದ ಬಂದದ್ದು. ಈ ಸಂಕಲನಗಳ ಏರುಪೇರಿನಲ್ಲಿ ನನ್ನನ್ನು ನೋಯಿಸಿದ್ದು ಇದೇ. ಇಬ್ಬರು ಸಂಜೆಯ ಅಡಿಗೆಗೆ ಸೊಪ್ಪು ಸೋಸುತ್ತ ಕುಳಿತ ನಾಲ್ಕು ಪುಟ ನಿಜವಾಗಿದ್ದರೆ ಸಾಕು, ಮಳೆಯೂ ಬೇಡ, ತಾರಸಿಯೂ ಬೇಡ. ಅಂಥ ನಾಲ್ಕು ಪುಟ ಎರಡನೆಯ ಪೆಟ್ಟಿಗೆಯಲ್ಲಿ ಎಲ್ಲಾದರೂ ಇದ್ದೀತು. ಸಿಕ್ಕಿದರೆ ಯಾರಿಗೆ ಕಳಿಸಬೇಕೆಂಬುದು ನನಗೆ ಗೊತ್ತಿದೆ.