ಮುಚ್ಚಬಾರದ ಕಡತ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಹಿರಿಯರು ಹೇಳಿದ್ದು ಮಕ್ಕಳ ನಡತೆಯನ್ನು ಕುರಿತು. ನನ್ನ ಕಾಲುಗಳು ಮಾತ್ರ ಗಿಡವಾಗಿದ್ದಾಗಲೇ ಬಗ್ಗಿದವು. ಮರವಾದ ಮೇಲೂ ಹಾಗೆಯೇ ಉಳಿದವು. ಮಲಾಡಿನ ನಮ್ಮ ಕನ್ನಡ ಬಂಧುಗಳು ನನ್ನ ನಡಿಗೆಯನ್ನು ದೂರದಿಂದಲೇ ಗುರುತಿಸುತ್ತಾರೆ. ಕಾರಣ ಕೇಳಲು ಸಂಕೋಚಪಡುವವರಿಗಾಗಿ ಈ ನಾಲ್ಕು ಮಾತು.

ಇದರ ಹೆಸರು ಎಕ್ಸ್-ಲಿಂಕ್ಡ್ ಹೈಪೋಫಾಸ್ಫಟೀಮಿಯ. ಸುಮಾರು 20,000 ಶಿಶುಗಳಲ್ಲಿ ಒಂದಕ್ಕೆ ಬರುವ ಆನುವಂಶಿಕ ರೋಗ. ಮೂಳೆಯೊಳಗಿನ ಜೀವಕೋಶಗಳು ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತವೆ. ಅದರ ಆಜ್ಞೆಯಂತೆ ಮೂತ್ರಪಿಂಡವು ಫಾಸ್ಫೇಟನ್ನು ಹೊರಚೆಲ್ಲುತ್ತದೆ. ಫಾಸ್ಫೇಟಿಲ್ಲದೆ ಮೂಳೆ ಗಟ್ಟಿಯಾಗದು. ಬಿಸಿಲು, ಹಾಲು, ಮೀನೆಣ್ಣೆ ಯಾವುದಕ್ಕೂ ಇದು ಜಗ್ಗುವುದಿಲ್ಲ. ಡಿ ಜೀವಸತ್ವಕ್ಕೆ ಮಣಿಯದ ಇಂಥ ರಿಕೆಟ್ಸನ್ನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1937ರಲ್ಲಿ ವರ್ಣಿಸಿದರು. ಕಾರಣವಾದ ವಂಶವಾಹಿ ಪತ್ತೆಯಾದದ್ದು 1995ರಲ್ಲಿ.

ನನಗೆ ಇದು ಅವ್ವನಿಂದ ಬಂತು. ತಾಯಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ತಂದೆಗಿದ್ದರೆ ಗಂಡುಮಕ್ಕಳಿಗೆ ಬಾರದು, ಹೆಣ್ಣುಮಕ್ಕಳೆಲ್ಲರಿಗೂ ಬರುವುದು. ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ತಲೆದೋರುವುದೂ ಉಂಟು. ನಾನು ಹೊಟ್ಟೆಯಲ್ಲಿದ್ದಾಗ ಗ್ರಹಣದ ದಿನ ಅಂಗಳಕ್ಕೆ ಬಂದಳೆಂದು ಊರವರು ಅವ್ವನನ್ನು ಕೊನೆಯವರೆಗೂ ದೂರಿದರು. ಅವಳ ಕಾಲೂ ಸೊಟ್ಟಗಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ.

ಚಿಕ್ಕಂದಿನಲ್ಲಿ ಫಾಸ್ಫೇಟಿನ ದ್ರಾವಣ ಕುಡಿದೆ, ಕ್ಯಾಲ್ಸಿಟ್ರಿಯಾಲ್ ನುಂಗಿದೆ. ಹದಿನೆಂಟು ತುಂಬಿದಾಗ ಮಕ್ಕಳ ವಿಭಾಗದಲ್ಲಿ ನನ್ನ ಕಡತ ಮುಚ್ಚಿತು. ಬೆಳವಣಿಗೆ ನಿಂತಿತಲ್ಲ, ಇನ್ನೇನು ಎಂದರು. ಆದರೆ ಬೆಳವಣಿಗೆ ನಿಂತರೂ ಫಾಸ್ಫೇಟಿನ ಸೋರಿಕೆ ನಿಲ್ಲುವುದಿಲ್ಲ. ದೊಡ್ಡವರಲ್ಲಿ ತೊಡೆಯ ಮೂಳೆಗೆ ಕೂದಲೆಳೆಯಂಥ ಬಿರುಕು, ಹುಳುಕಿಲ್ಲದ ಹಲ್ಲಿನ ಬುಡದಲ್ಲಿ ಕೀವು, ಕೀಲುಗಳ ಸವೆತ, ಸ್ನಾಯುಗಳು ಮೂಳೆಗೆ ಅಂಟುವಲ್ಲಿ ಸುಣ್ಣಗಟ್ಟಿ ಬಿಗಿತ, ಕೆಲವರಿಗೆ ಕಿವಿ ಮಂದ. ಮೂವತ್ತು ದಾಟುವುದರೊಳಗೆ ಮೊದಲೆರಡು ನನ್ನನ್ನು ಹುಡುಕಿಕೊಂಡು ಬಂದವು. ಮಲಾಡ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲುಗಳನ್ನು ಈಗ ಎಣಿಸಿಯೇ ಹತ್ತುತ್ತೇನೆ.

ದೊಡ್ಡವರೆಲ್ಲರಿಗೂ ಔಷಧ ಬೇಕೆಂದಲ್ಲ. ನೋವು, ಬಿರುಕು ಇದ್ದವರಿಗೆ, ಮೂಳೆಯ ಶಸ್ತ್ರಚಿಕಿತ್ಸೆ ಆಗಬೇಕಾದವರಿಗೆ ವೈದ್ಯರು ಮತ್ತೆ ಆರಂಭಿಸುತ್ತಾರೆ. ಔಷಧ ಅತಿಯಾದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟೀತು, ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳೀತು. ಆದುದರಿಂದ ರಕ್ತ-ಮೂತ್ರಗಳ ಪರೀಕ್ಷೆ ತಪ್ಪಕೂಡದು. ಆ ಹಾರ್ಮೋನನ್ನೇ ತಡೆಯುವ ಬುರೊಸುಮ್ಯಾಬ್ ಎಂಬ ಚುಚ್ಚುಮದ್ದಿಗೆ 2018ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಅನುಮತಿ ದೊರೆಯಿತು. ಅದರ ಬೆಲೆ ಗುಮಾಸ್ತನ ಸಂಬಳಕ್ಕೆ ಎಟುಕದು. ಆದರೂ ತಪಾಸಣೆಗೆ ನಮ್ಮ ಮುಂಬಯಿಯಲ್ಲೇ ದಾರಿಯಿದೆ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯಂತೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯೂ ಒಂದು, ಹಾರ್ಮೋನು ರೋಗಗಳ ವಿಭಾಗವೂ ಅಲ್ಲಿದೆ.

ಇದನ್ನೆಲ್ಲ ಮದುವೆಗೆ ಮೊದಲೇ ಹೇಳಿದ್ದೆ. ತಿಳಿದೇ ಒಪ್ಪಿ ಬಂದವಳು ನನ್ನ ಹೆಂಡತಿ. ನಮ್ಮ ಮಗಳಿಗೆ ಈಗ ಎರಡು ವರ್ಷ. ನಿಯಮದಂತೆ ಅವಳಿಗೂ ಬಂದಿದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಪರೀಕ್ಷಿಸಿ ಔಷಧ ಆರಂಭಿಸಿದ್ದರಿಂದ ಕಾಲು ನನ್ನಷ್ಟು ಬಾಗಿಲ್ಲ. ಅವಳ ಕಾಗದಗಳಿಗೆಲ್ಲ ದಿನಾಂಕ ಬರೆದು, ಕ್ರಮವಾಗಿ ಜೋಡಿಸಿ ಇಡುತ್ತಿದ್ದೇನೆ. ಹದಿನೆಂಟಾದಾಗ ಅವು ನೇರವಾಗಿ ದೊಡ್ಡವರ ವೈದ್ಯರ ಮೇಜಿಗೆ ಹೋಗಬೇಕು.

ನಿಮ್ಮ ಬಳಗದಲ್ಲಿ ಕಾಲು ಬಾಗಿ ಗಿಡ್ಡಗೆ ಉಳಿದವರಿದ್ದರೆ, ವಯಸ್ಸು ಎಷ್ಟೇ ಆಗಿರಲಿ, ಅವರ ರಕ್ತದ ಫಾಸ್ಫೇಟನ್ನು ಒಮ್ಮೆ ಪರೀಕ್ಷೆ ಮಾಡಿಸಿರಿ. ಅವರ ತಾಯಿಯನ್ನಂತೂ ದೂರಬೇಡಿರಿ.