ಅಪರ್ಣೆ

ಪಾರ್ವತಿಗೆ ಅಪರ್ಣೆಯೆಂಬ ಹೆಸರು ಹೇಗೆ ಬಂದಿತೆಂದು ಕೇಳಿದರೆ, ಕುಮಾರಸಂಭವದ ಐದನೆಯ ಸರ್ಗವನ್ನು ಓದಿದ ವಿದ್ಯಾರ್ಥಿಯು ಥಟ್ಟನೆ ಉತ್ತರ ಹೇಳುವನು. ತಾನಾಗಿ ಉದುರಿದ ಎಲೆಯನ್ನು ತಿಂದು ಬದುಕುವುದೇ ತಪಸ್ಸಿನ ಪರಮಾವಧಿ, ಗಿರಿಜೆಯು ಅದನ್ನೂ ಬಿಟ್ಟಳು, ಆದುದರಿಂದ ಅಪರ್ಣೆ. ಹರಿವಂಶದಲ್ಲಿ ಆಕೆಗೆ ಇಬ್ಬರು ಸೋದರಿಯರುಂಟು. ಏಕಪರ್ಣೆಯು ಒಂದೇ ಎಲೆಯಿಂದಲೂ, ಏಕಪಾಟಲೆಯು ಒಂದೇ ಪಾಟಲದಿಂದಲೂ ಪ್ರಾಣಧಾರಣೆ ಮಾಡಿದರು. ಅಪರ್ಣೆಗೆ ಅದೂ ಇಲ್ಲ. ಕೃಶಳಾಗುತ್ತಿದ್ದ ಮಗಳನ್ನು ಕಂಡು ಮೇನೆಯು ‘ಉ, ಮಾ’, ಎಂದರೆ ‘ಅಮ್ಮಾ, ಬೇಡ’ ಎಂದು ತಡೆದಳು. ಉಮೆಯೆಂಬ ಹೆಸರು ಆ ಮಾತಿನಿಂದ ಬಂದುದು. ಒಂದು ಹೆಸರು ಮಗಳ ಹಠದ್ದು, ಇನ್ನೊಂದು ತಾಯಿಯ ಸಂಕಟದ್ದು.

ಲಲಿತಾಸಹಸ್ರನಾಮದಲ್ಲಿ ಈ ನಾಮಕ್ಕೆ ಹಿಂದಿನವು ಮಹಾಗ್ರಾಸಾ, ಮಹಾಶನಾ ಎಂಬುವು. ಚರಾಚರವನ್ನೆಲ್ಲ ತುತ್ತಾಗಿ ನುಂಗುವವಳೂ ಎಲೆಯೊಂದನ್ನು ಒಲ್ಲದವಳೂ ಒಬ್ಬಳೇ! ಪಾರಾಯಣದ ವೇಗದಲ್ಲಿ ಈ ಸ್ವಾರಸ್ಯವು ಎಷ್ಟು ಮಂದಿಯ ಗಮನಕ್ಕೆ ಬರುವುದೋ!

18ನೆಯ ಶತಮಾನದ ಭಾಸ್ಕರರಾಯರು ಸೌಭಾಗ್ಯಭಾಸ್ಕರವೆಂಬ ವ್ಯಾಖ್ಯಾನದಲ್ಲಿ ಇಲ್ಲಿ ಬೇರೊಂದು ಅರ್ಥವನ್ನೂ ತೆಗೆದಿರುವರು. ಯಾರಿಂದ ಋಣವು ಅಪಗತವಾಗಿದೆಯೋ ಅವಳು ಅಪರ್ಣೆ; ಸಾಲವಿಲ್ಲದವಳು. ವ್ಯಾಕರಣವು ಇದಕ್ಕೆ ಅಡ್ಡಬಾರದು. ಪ್ರ, ದಶ ಮೊದಲಾದ ಕೆಲವು ಶಬ್ದಗಳ ಮುಂದೆ ಋಣ ಬಂದಾಗ ವೃದ್ಧಿಯಾಗುವುದೆಂದು ವಾರ್ತಿಕವಿದೆ. ಮೇಘದೂತದ ದಶಾರ್ಣವು ಹಾಗೆ ಸಿದ್ಧವಾದುದು. ಆ ಗಣನೆಯಲ್ಲಿ ‘ಅಪ’ ಸೇರಿಲ್ಲವಾಗಿ ಗುಣಸಂಧಿಯಿಂದ ಅಪರ್ಣವೆಂದೇ ಆಗುವುದು.

ಯೋಗಕ್ಕಿಂತ ರೂಢಿಯು ಬಲವತ್ತರವೆಂದು ಹೇಳಿ ಇದನ್ನು ಪಂಡಿತರ ಶಬ್ದಚಮತ್ಕಾರವೆಂದು ತಳ್ಳಿಬಿಡುವವರುಂಟು. ಅದು ಆತುರದ ಮಾತು. ಕನ್ನಡದ ಹೆಂಗಸರು ಅನ್ನದ ಋಣ, ಉಪ್ಪಿನ ಋಣ ಎನ್ನುವುದಿಲ್ಲವೆ? ಉಂಡವನು ಋಣಿ. ಮರದಿಂದ ತಾನಾಗಿ ಬಿದ್ದ ಎಲೆಯನ್ನೂ ತಿನ್ನದವಳಿಗೆ ಮರದ ಋಣವೂ ಇಲ್ಲ. ಹೀಗೆ ನೋಡಿದರೆ ಎರಡನೆಯ ಅರ್ಥವು ಮೊದಲನೆಯದರ ಗರ್ಭದಲ್ಲಿಯೇ ಇದ್ದಿತು. ಅದೇ ಸರ್ಗದ ಕೊನೆಯಲ್ಲಿ ಶಿವನು, ತಾನು ಇಂದಿನಿಂದ ಆಕೆಯ ತಪಸ್ಸಿಗೆ ಮಾರಿಹೋದ ದಾಸನೆಂದು ಒಪ್ಪಿಕೊಳ್ಳುವನು. ಯಾರಿಂದಲೂ ಏನನ್ನೂ ಕೊಳ್ಳದವಳು ಈಶ್ವರನನ್ನೇ ಕೊಂಡಳು.

ಇಷ್ಟಾದ ಮೇಲೆ ಭಾಸ್ಕರರಾಯರು ವ್ಯಾಖ್ಯಾನಕಾರರ ಗಾಂಭೀರ್ಯವನ್ನು ಬದಿಗಿಟ್ಟು, ತಮ್ಮದೇ ಆದ ಸ್ತೋತ್ರವೊಂದರ ಶ್ಲೋಕವನ್ನು ಅಲ್ಲಿ ಉದಾಹರಿಸುವರು. ಅದರಲ್ಲಿ ಭಕ್ತನು ಬಾಗಿಲಲ್ಲಿ ನಿಂತ ಸಾಲಗಾರನ ಧಣಿಯಂತೆ ಮಾತನಾಡುವನು. ತಾನು ಆಕೆಯ ನಾಮವನ್ನು ಜಪಿಸುತ್ತಲೇ ಇದ್ದಾನೆ. ಬರಬೇಕಾದ ಇಷ್ಟಾರ್ಥವು ಇನ್ನೂ ಬಂದಿಲ್ಲ. ಹೀಗಿರಲು ಸಾಲವಿಲ್ಲದವಳೆಂಬ ಬಿರುದನ್ನು ಹೊತ್ತಿರುವುದು ಆಕೆಗೆ ಭಾರವಾಗದೆ ಎಂದು ಕೇಳುವನು.